ಅಧ್ಯಕ್ಷರ ಪಕ್ಕದ ಕುರ್ಚಿ

ಜಂಗಮಕೋಟೆ ಪಕ್ಕದ ಹೈಸ್ಕೂಲಿನಲ್ಲಿ ಮುನೇಶ್ ಮೇಷ್ಟ್ರು ‘ಎನ್ಯಾಕ್ಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥ ಹೇಳುತ್ತಿದ್ದರು. ಸಭೆ ಸೇರಿ ಕಾನೂನು ಮಾಡುವುದಕ್ಕೂ ಅದೇ ಮಾತು, ಜನರ ಮುಂದೆ ಆಡಿ ತೋರಿಸುವುದಕ್ಕೂ ಅದೇ. ಆಮೇಲೆ ಮಕ್ಕಳ ಕಡೆ ತಿರುಗಿದರು.

“ಎರಡನ್ನೂ ನೀವೇ ಮಾಡ್ರಪ್ಪ. ನಮ್ ಪಂಚಾಯ್ತಿ ಸಭೆ ಆಡಿ. ಬೀದಿ ನೀರಿಗೆ ಮೋಟಾರ್ ಹಾಕಿ ಎಳೆಯೋರ ನಲ್ಲಿ ಕಟ್ ಅಂತ ಒಂದು ನಿಯಮ ಪಾಸ್ ಮಾಡಿ.”

ಅಧ್ಯಕ್ಷೆಯ ಪಾತ್ರ ಹರಿತಾಳಿಗೆ ಬಂತು. ನಿಜವಾದ ಅಧ್ಯಕ್ಷೆ ಮೇಷ್ಟ್ರ ಹೆಂಡತಿ ವರಲಕ್ಷ್ಮಿ.

“ಸಾರ್, ಸಭೇಲಿ ಅಧ್ಯಕ್ಷರು ಏನ್ ಮಾತಾಡ್ತಾರೆ?”

ಪ್ರತಿ ಸಭೆಯಲ್ಲೂ ಹೆಂಡತಿಯ ಪಕ್ಕದಲ್ಲೇ ಕೂರುತ್ತಿದ್ದ ಮೇಷ್ಟ್ರಿಗೆ ಅವಳಾಡಿದ ಒಂದು ಮಾತೂ ನೆನಪಾಗಲಿಲ್ಲ. “ಮನೆಗೋಗಿ ಅವರನ್ನೇ ಕೇಳಮ್ಮ” ಅಂದರು. ಹರಿತಾ ಹೋದಾಗ ವರಲಕ್ಷ್ಮಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳಂತೆ. ಏನು ಹೇಳಿದಳೆಂದು ಮೇಷ್ಟ್ರು ವಿಚಾರಿಸಲಿಲ್ಲ.

ಶನಿವಾರ ಶಾಲೆಯ ಅಂಗಳದಲ್ಲಿ ಊರು ಸೇರಿತು. ಹರಿತಾ ಸೀರೆ ಉಟ್ಟು ನಡುವಿನ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿಗೆ ಅದೇ ತರಗತಿಯ ಚೈತನ್ಯ ಬಂದ. ಮೇಷ್ಟ್ರು ಮಾಡಿಸಿದ ಅಭ್ಯಾಸದಲ್ಲಿ ಆ ಕುರ್ಚಿಯೇ ಇರಲಿಲ್ಲ.

“ಎಷ್ಟು ದಿನ ಕಟ್ ಮಾಡಣ, ಅಧ್ಯಕ್ಷರೇ?” ಸದಸ್ಯನಾಗಿದ್ದ ಹುಡುಗ ಕೇಳಿದ.

ಹರಿತಾ ಬಾಯಿ ತೆರೆದಳು.

“ಒಂದು ತಿಂಗ್ಳು,” ಚೈತನ್ಯ ಅಂದ. “ಅವಳನ್ನೇನ್ ಕೇಳ್ತೀಯೋ, ನನ್ ಕೇಳು.”

“ಅಯ್ಯೋ, ನಮ್ ಮೇಷ್ಟ್ರು ಕಣೇ ಇದು!” ಹಿಂದಿನ ಸಾಲಿನಿಂದ ಊರ ಕದಿರಮ್ಮ ಕೂಗಿದಳು. ಜನ ಗೊಳ್ಳೆಂದರು. ಚೈತನ್ಯ ನಡಾವಳಿ ಪುಸ್ತಕವನ್ನು ಹರಿತಾಳ ಮುಂದೆ ತಳ್ಳಿ, ಸಹಿಯ ಜಾಗದಲ್ಲಿ ಬೆರಳೊತ್ತಿ ಹಿಡಿದ. “ಇಲ್ಲಿ ಹಾಕು.”

ಹರಿತಾ ಹಾಕಿದಳು. ನಿಯಮ ಪಾಸಾಯಿತು.

ಆ ಬೆರಳು ತನ್ನದೇ ಎಂದು ಮೇಷ್ಟ್ರಿಗೆ ಯಾರೂ ಹೇಳಬೇಕಿರಲಿಲ್ಲ. ಕೈಯನ್ನು ತೊಡೆಯಡಿ ಸೇರಿಸಿಕೊಂಡರು. ಪಕ್ಕದಲ್ಲಿ ವರಲಕ್ಷ್ಮಿ ನಗುತ್ತಿದ್ದಾಳೋ ಇಲ್ಲವೋ, ತಿರುಗಿ ನೋಡಲಾಗಲಿಲ್ಲ.

“ಈಗ ಅಧ್ಯಕ್ಷರು ಎರಡು ಮಾತಾಡಬೇಕು,” ಹೆಡ್‌ಮಾಸ್ಟರು ಮೈಕಿನಲ್ಲಿ ಕರೆದರು.

ಮೇಷ್ಟ್ರು ಎದ್ದು ನಿಂತರು. ಕರೆದದ್ದು ತನ್ನನ್ನಲ್ಲ ಎಂದು ನಿಂತ ಮೇಲೆಯೇ ಗೊತ್ತಾದದ್ದು. ಮಕ್ಕಳು ಶಿಳ್ಳೆ ಹಾಕಿದರು.

“ಕೂತ್ಕೊಳ್ಳಿ, ನಾನ್ ಹೋಗ್ತೀನಿ,” ವರಲಕ್ಷ್ಮಿ ಮೆಲ್ಲಗೆ ಅಂದಳು.

ಮೈಕಿನ ಮುಂದೆ ಹೋಗಿ ನಿಂತಳು. ಆಮೇಲೆ, “ಮಕ್ಕಳು ಸರಿಯಾಗೇ ಮಾಡಿದ್ರು. ಆದ್ರೆ ತಿಂಗಳುಗಟ್ಲೆ ನೀರು ನಿಲ್ಸಿದ್ರೆ ಬಿಂದಿಗೆ ಹೊರೋರು ಆ ಮನೆ ಹೆಂಗಸ್ರು. ನನ್ನ ಕೇಳಿದ್ರೆ ಎರಡು ದಿನ ಅಂತಿದ್ದೆ,” ಅಂದಳು.

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ತಟ್ಟಲು ಕೈ ಏಳಲಿಲ್ಲ. ಹೋದ ತಿಂಗಳು ನಿಜವಾದ ಸಭೆಯಲ್ಲೂ ಅವಳನ್ನು ಕೇಳದೆ ಅವರೇ ಒಂದು ತಿಂಗಳು ಎಂದು ಬರೆಸಿದ್ದರು.