ಬಿಲ್ಲೆಯ ಮೇಲೆ ಪೆನ್ಸಿಲ್

ಮತ್ತೆ ಆ ಪೆನ್ಸಿಲ್, ಕಿವಿಯ ಸಂದಿಯಿಂದ ಇಳಿಯಿತು, ಭಾವ ಅದರ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡ, ಥೂ, ಐವತ್ತು ದಾಟಿದರೂ ಈ ಚಾಳಿ ಬಿಟ್ಟಿಲ್ಲ, ಅಕ್ಕ ಹೇಗೆ ಸಹಿಸಿಕೊಂಡಿದ್ದಾಳೋ — ನಾದಿನಿ ಅವಳು, ಲ್ಯಾಬಿನ ಗೋಡೆಗೆ ಒರಗಿ ನೋಡುತ್ತಿದ್ದಳು, ಮೇಜಿನ ಆಚೆ ಕೊಳ್ಳಲು ಬಂದ ಇಬ್ಬರು, ಈಚೆ ಭಾವ, ಅವನ ಅಂಗೈಯಲ್ಲಿ ಅವಳ ಬಿಲ್ಲೆ. ಅವಳದೇ. ಪುಡಿ ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು, ಬಿರುಕು ಬಿಟ್ಟವನ್ನೆಲ್ಲ ಬಾಚಿ ಎಸೆದು, ಮತ್ತೆ ಅರೆದು, ಕೊನೆಗೆ ಉಳಿದ ಬಿಳಿ ಪಿಂಗಾಣಿ ಬಿಲ್ಲೆ, ಒಳಹೊಕ್ಕ ರೇಡಿಯೋ ಅಲೆ ಬೇಗ ಸಾಯದೆ ಸುತ್ತುತ್ತಲೇ ಇರುವಂಥದ್ದು, ಮೊಬೈಲ್ ಟವರಿನ ಆಂಟೆನಾಕ್ಕೆ ಬೇಕಾದ ಅಲೆಯನ್ನಷ್ಟೇ ಆರಿಸಿ ಬಿಡುವ ಫಿಲ್ಟರ್ ಡಬ್ಬಿಯ ಜೀವ. ಇದನ್ನ ನಾವೇ ಡೆವಲಪ್ ಮಾಡಿದ್ವಿ ಸರ್. ನಾವು! ಯಾವ ನಾವು, ಕುಲುಮೆಯ ಬಾಗಿಲು ಯಾವ ಕಡೆ ತೆರೆಯುತ್ತದೆಂದೂ ಗೊತ್ತಿಲ್ಲದ ನೀನು ಸೇರಿ ನಾವೇ? ಬೆಳಗ್ಗೆ ಕಾರಿನಲ್ಲೇ ಹೇಳಿದ್ದ, ನೋಡಮ್ಮ, ಬಂದವರೆದುರು ನೀನು ಬಾಯಿ ಹಾಕ್ಬೇಡ, ಆಗಲಿ ಭಾವ ಅಂದಿದ್ದಳು, ಬಾಯಲ್ಲಿ ಭಾವ, ನೀವು, ಹೊಟ್ಟೆಯೊಳಗೆ ಬೇರೆಯೇ ಹೆಸರು. ಕೆಲಸ ಕೊಟ್ಟಿದ್ದು ಅವರಲ್ವೇನೇ, ಸ್ವಲ್ಪ ತಗ್ಗಿ ಬಗ್ಗಿ ಇರು, ಅದು ಅಕ್ಕನ ರಾಗ, ತಗ್ಗಿ ತಗ್ಗಿ ಬೆನ್ನು ನೆಟ್ಟಗಾಗುವುದನ್ನೇ ಮರೆತಿದೆ ಕಣೇ ಅಕ್ಕ. ಅಯ್ಯೋ, ಪೆನ್ಸಿಲ್ ಬಿಲ್ಲೆಯ ಮೇಲಿಳಿಯಿತು, ನೋಡಿ ಸರ್, ಅಲೆ ಇದರೊಳಗೆ ಹೀಗೆ ರೌಂಡ್ ಹೊಡಿಯುತ್ತೆ, ಬಿಳಿಯ ಮೇಲೆ ಕಪ್ಪು ಉಂಗುರ, ಒಂದು ಸುತ್ತು, ಸಮಾಧಾನವಾಗದೆ ಅದರ ಮೇಲೇ ಇನ್ನೊಂದು, ದಪ್ಪಗೆ. ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟು ಹರಿಯುತ್ತದೆ ದಡ್ಡ, ಅಲೆ ಸುತ್ತುವ ದಾರಿಗೇ ಬಳಿದೆಯಲ್ಲ, ಇನ್ನು ಆ ಗೆರೆಯೇ ಅಲೆಯನ್ನು ಕುಡಿದು ಮುಗಿಸುತ್ತದೆ, ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ಜಾಗ ಇದು. ಭಾವ, ಒಂದ್ನಿಮಿಷ, ಅಷ್ಟೆಂದರೆ ಸಾಕು, ಒರೆಸುವ ಬಟ್ಟೆ ಅವಳ ಜೇಬಿನಲ್ಲಿದೆ, ಸ್ಪಿರಿಟ್ ಬಾಟಲಿ ಮೊಣಕೈ ಪಕ್ಕದಲ್ಲೇ — ಬಾಯಿ ಹಾಕಬೇಡ ಅಂದವನು ಯಾರು? ಹಾಕುವುದಿಲ್ಲ ಹೋಗು, ಮುಗ್ಗರಿಸು, ಇಂಗು ತಿಂದ ಮಂಗನಂತಾಗಲಿ ನಿನ್ನ ಮುಖ, ಎಷ್ಟು ಹಾಯಾಗಿದೆ ಸುಮ್ಮನಿರುವುದು.

ಬಿಲ್ಲೆ ಡಬ್ಬಿಯೊಳಗೆ ಕೂತಿತು, ಮುಚ್ಚಳ ಬಿತ್ತು, ಸ್ಕ್ರೂಗಳು ಬಿಗಿದವು, ಅಲೆ ಅಳೆಯುವ ಯಂತ್ರಕ್ಕೆ ತಂತಿ ಸಿಕ್ಕಿತು, ನಿನ್ನೆ ಅದರ ಪರದೆಯ ಮೇಲೆ ಸೂಜಿಯಂತೆ ನಿಂತಿದ್ದ ಗೆರೆ ಇವತ್ತು ಹೊಟ್ಟೆ ಬಿಟ್ಟುಕೊಂಡು ಮಲಗಿದೆ, ಬಂದವರಲ್ಲಿ ಕನ್ನಡಕದವನು ಮುಂದೆ ಬಾಗಿದ, ಏನ್ ಸರ್ ಇದು, ನೀವು ಕಳಿಸಿದ ರಿಸಲ್ಟೇ ಬೇರೆ ಇತ್ತಲ್ಲ, ಭಾವನ ಕಿವಿ ಕೆಂಪಾಯಿತು, ಆಹಾ, ನೋಡಲು ಎರಡು ಕಣ್ಣು ಸಾಲದು, ತಡವರಿಸು, ಬೆವರು ಒರೆಸಿಕೋ — ಆದರೆ ಅವನು ಮೆಲ್ಲಗೆ ಇತ್ತ ತಿರುಗಿದ, ನಗುತ್ತಿದ್ದಾನೆ, ಯಾಕೆ ನಗುತ್ತಿದ್ದಾನೆ, ಇದು ಪೂರ್ತಿ ಇವಳದೇ ಕೆಲಸ ಸರ್, ನಮ್ಮ ನಾದಿನಿ, ಮೊದಲಿಂದ ಕೊನೇತನಕ ಒಬ್ಬಳೇ ಮಾಡಿದ್ದು, ನಾನು ಕೈ ಹಾಕಿಯೇ ಇಲ್ಲ, ಹೇಳಮ್ಮ, ಏನ್ ಮಾಡಿಟ್ಟಿದ್ದೀಯ. ಮೂವರೂ ಅವಳನ್ನೇ ನೋಡುತ್ತಿದ್ದಾರೆ. ಪೂರ್ತಿ ಇವಳದೇ, ಇಷ್ಟು ವರ್ಷ ಈ ಮಾತಿಗೇ ಕಾದದ್ದು, ಬಂತು, ಈಗ ಬಂತು. ಪೆನ್ಸಿಲ್ ಅನ್ನಬೇಕು, ಅಂದರೆ ಕನ್ನಡಕದವನು ಕೇಳುತ್ತಾನೆ, ಗೀಚುವಾಗ ನೀವಿಲ್ಲೇ ಇದ್ರಲ್ಲ, ಯಾಕ್ ಹೇಳ್ಲಿಲ್ಲ, ಯಾಕೆ ಹೇಳಲಿಲ್ಲ, ಜೇಬಿನಲ್ಲಿ ಬೆರಳುಗಳು ಬಟ್ಟೆಯನ್ನು ಹಿಂಡುತ್ತಿವೆ, ಮುಚ್ಚಿದ ಡಬ್ಬಿಯೊಳಗೆ ಬಿಳಿಯ ಮೇಲೆ ಕಪ್ಪು ಉಂಗುರ, ಅದರ ಮೇಲೇ ಇನ್ನೊಂದು ಸುತ್ತು, ಕಪ್ಪು ಉಂಗುರ, ಕಪ್ಪು —