ಕುಡಿತವೆಂದು ಬರೆದ ಹಾಳೆ

ನಾನು ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹೊಡೆಯುವವಳು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕುವ ಕೆಲಸ. ನಮ್ಮ ಕಸುಬಿನವರು ಆ ಪಾಲಿಶನ್ನು ತುಂಬಿಡುವುದು ಖಾಲಿ ಬ್ರಾಂಡಿ ಬಾಟಲಿಯಲ್ಲಿ. ಮುಚ್ಚಳ ಬಿಗಿ, ಸ್ಪಿರಿಟ್ ಆರುವುದಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಚೀಲದಲ್ಲಿ ಅಂಥದ್ದೊಂದು ಇದ್ದೇ ಇದೆ. ಬಾಯಿಗೆ ಮಾತ್ರ ಒಂದು ತೊಟ್ಟೂ ಬಿಟ್ಟವಳಲ್ಲ.

ಅವತ್ತು ಬೀರುವಿನ ಬಾಗಿಲು ತಿಕ್ಕುತ್ತಿದ್ದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದ ನೋವು ಬೆನ್ನಿಗೆ ಹಾಯಿತು. ವಾಂತಿ ನಿಲ್ಲಲೇ ಇಲ್ಲ. ಸುದ್ದಿ ತಿಳಿದು ಓಡಿ ಬಂದ ಅಣ್ಣ ಆಸ್ಪತ್ರೆಗೆ ಸೇರಿಸಿದ. ಅವನು ಹೈಸ್ಕೂಲು ಮೇಷ್ಟ್ರು, ಮರ್ಯಾದೆಗೆ ಅಂಜುವವನು, ಅದುವರೆಗೆ ಒಂದು ದಿನವೂ ನನ್ನ ಕೆಲಸದ ಜಾಗಕ್ಕೆ ಕಾಲಿಟ್ಟವನಲ್ಲ. ಚೀಲದಲ್ಲಿ ಬಾಟಲಿ ಕಂಡ, ನನ್ನ ಸೀರೆಯಲ್ಲಿ ಸ್ಪಿರಿಟ್ ವಾಸನೆ ಹಿಡಿದ. ಇವಳು ಕುಡಿಯುತ್ತಾಳೆ ಎಂದು ತಲೆ ತಗ್ಗಿಸಿ ಡಾಕ್ಟರಮ್ಮನಿಗೆ ಹೇಳಿಬಿಟ್ಟ. ಅವರು ನನ್ನ ಹಾಳೆಯಲ್ಲಿ ಕುಡಿತ ಎಂದು ಬರೆದುಕೊಂಡರು. ನೋವಿನಲ್ಲಿ ಹೊರಳುತ್ತಿದ್ದ ನನಗೆ ಆಗ ಇದೊಂದೂ ಗೊತ್ತಾಗಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ಎಂದು ಗೊತ್ತಾಯಿತು. ಹಾಗೆಂದರೇನು ಎಂದು ನರ್ಸಕ್ಕನನ್ನು ಕೇಳಿದೆ. ತಿಂದದ್ದನ್ನು ಅರಗಿಸಬೇಕಾದ ರಸ ಹೊರಗೆ ಹರಿಯದೆ ಆ ಗ್ರಂಥಿಯನ್ನೇ ಅರಗಿಸತೊಡಗುತ್ತದಂತೆ. ಡ್ರಿಪ್ ಹಾಕಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ವಾಂತಿ ನಿಂತ ಮೇಲೆ ಸ್ವಲ್ಪ ಸ್ವಲ್ಪವೇ ಊಟ. ಹೆಚ್ಚಿನವರಿಗೆ ಇದು ಬರುವುದು ಕುಡಿತದಿಂದ, ಇಲ್ಲವೇ ಪಿತ್ತಕೋಶದ ಕಲ್ಲಿನಿಂದ ಎಂದೂ ಆಕೆ ಹೇಳಿದರು. ಕಲ್ಲಿದ್ದರೆ ಮತ್ತೆ ಬರುತ್ತದೆ, ಎರಡನೇ ಸಲ ಜೀವಕ್ಕೇ ಬಂದರೂ ಬಂತು. ನನ್ನ ಹೊಟ್ಟೆಯಲ್ಲಿ ಕಲ್ಲಿದೆಯೇ ಎಂದು ಯಾರೂ ನೋಡಿರಲಿಲ್ಲ. ಹಾಳೆಯಲ್ಲಿ ಕುಡಿತ ಎಂದಿತ್ತಲ್ಲ, ಹುಡುಕುವ ಉಸಾಬರಿ ಯಾರಿಗೆ ಬೇಕಿತ್ತು?

ನಾಲ್ಕನೇ ದಿನ ಡಾಕ್ಟರಮ್ಮ ಬಂದು, ಮನೆಗೆ ಹೋಗಬಹುದು, ಇನ್ನು ಬಾಟಲಿ ಮುಟ್ಟಬೇಡಿ, ನಿಮ್ಮಣ್ಣ ಎಲ್ಲ ಹೇಳಿದ್ದಾರೆ ಎಂದರು. ಮೈಯೆಲ್ಲ ಉರಿದುಹೋಯಿತು.

"ಅಣ್ಣ ನೋಡಿದ್ದು ಪಾಲಿಶ್ ಬಾಟಲಿ. ಹೊಟ್ಟೆ ಸ್ಕ್ಯಾನ್ ಮಾಡೋ ತನಕ ನಾನು ಈ ಮಂಚ ಬಿಟ್ಟು ಏಳಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ."

"ಹಾಗಾದ್ರೆ ಎಲ್ಲರ ಹೊಟ್ಟೇನೂ ನೋಡಿ."

ಅಣ್ಣ ಬೇಡ ಬೇಡವೆಂದು ಕೈಸನ್ನೆ ಮಾಡಿದ. ಪಕ್ಕದ ಮಂಚದವರೆಲ್ಲ ಎದ್ದು ಕೂತರು. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೂ ಮಂಚದ ಕಂಬಿ ಬಿಡಲಿಲ್ಲ. ಆ ಮಂಚಕ್ಕೆ ಬೇರೊಬ್ಬ ರೋಗಿ ಕಾಯುತ್ತಿದ್ದರು. ಈ ಪೀಡೆ ತೊಲಗಿದರೆ ಸಾಕು ಎಂದೋ ಏನೋ, ಮಧ್ಯಾಹ್ನ ಸ್ಕ್ಯಾನಿಗೆ ಕಳಿಸಿದರು.

ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲುಗಳಿದ್ದವು. ಒಂದು ಜಾರಿ ಬಂದು ನಾಳದ ಬಾಯಿಗೆ ಅಡ್ಡ ಕೂತಿದ್ದಿರಬೇಕು, ಮನೆಗೆ ಹೋಗುವ ಮೊದಲೇ ಪಿತ್ತಕೋಶ ತೆಗೆಯುವುದು ಒಳ್ಳೆಯದು ಎಂದರು ಡಾಕ್ಟರಮ್ಮ. ಮೊದಲು ಆ ಕುಡಿತ ಹೊಡೆದು ಹಾಕಿ ಎಂದೆ. ನನ್ನ ಕಣ್ಣೆದುರೇ ಗೀಟು ಎಳೆದು, ಕೆಳಗೆ ಕಲ್ಲು ಎಂದು ಬರೆದರು.

ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ರೂಢಿಯಂತೆ ಅಣ್ಣನ ಕೈಗೆ ಕೊಟ್ಟರು. ನಾನು ಅದನ್ನು ಕಸಿದುಕೊಂಡು ರುಜು ಹಾಕಿದೆ. ಅವನ ಕಣ್ಣು ತುಂಬಿತ್ತು.

"ಅದು ಪಾಲಿಶ್ ಅಂತ ನನಗೊಂದು ಮಾತು ಹೇಳಬಾರದಿತ್ತೇನೇ?"

ಅಯ್ಯೋ ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ.

"ನೀನು ಡಾಕ್ಟರಿಗೆ ಹೇಳಿದೆ ಅಣ್ಣಾ. ನನ್ನನ್ನ ಕೇಳಲೇ ಇಲ್ಲ."