ಗೇಟ್ ಮನೆಯ ಹಿತ್ತಿಲು

ಬೆಳಕವಾಡಿಯ ಕೆಂಪರಾಜು ಮನೆಯ ಬೀದಿ ಕೋಣೆಯಲ್ಲಿ, ಎರಡು ಸ್ಟೂಲುಗಳ ಮೇಲೆ ಒಂದು ಹಳೇ ಬಾಗಿಲು ಅಂಗಾತ ಮಲಗಿತ್ತು. ಬಾಗಿಲ ಮೇಲೆ ಒಂದು ರೈಲು ದಾರಿ, ದಾರಿಗೆ ಅಡ್ಡಲಾಗಿ ಒಂದು ಮಣ್ಣಿನ ರಸ್ತೆ, ಎರಡೂ ಸೇರುವಲ್ಲಿ ಒಂದು ಗೇಟು, ಗೇಟಿನ ಪಕ್ಕ ಅಂಗೈಯಗಲದ ಒಂದು ಮನೆ. ಸುತ್ತ ಭತ್ತದ ಗದ್ದೆ, ಕಬ್ಬಿನ ಗದ್ದೆ. ಇಷ್ಟನ್ನೂ ಮಾಡಿದವನು ಕೆಂಪರಾಜುವಿನ ಭಾವ ನಿಂಗಯ್ಯ.

ನಿಂಗಯ್ಯ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದವನು. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಗದ್ದೆ ಬಯಲಿನ ಒಂದು ಗೇಟಿನಲ್ಲಿ ಇಪ್ಪತ್ತೇಳು ವರ್ಷ ಇದ್ದ. ಸ್ಟೇಷನ್ನಿನಿಂದ ಫೋನು ಬರಬೇಕು, ಹ್ಯಾಂಡಲ್ ತಿರುಗಿಸಿ ಗೇಟು ಇಳಿಸಬೇಕು, ಹಸಿರು ಬಾವುಟ ಹಿಡಿದು ನಿಲ್ಲಬೇಕು, ರೈಲಿನ ಕೊನೇ ಡಬ್ಬಿ ದಾಟಿದ ಮೇಲೆ ಗೇಟು ಎತ್ತಬೇಕು. ಅಷ್ಟೇ ಅವನ ಬಾಳು. ಅವನು ನಿವೃತ್ತಿಯಾಗುವ ಹಿಂದಿನ ವರ್ಷ ಅಲ್ಲಿ ಅಂಡರ್‌ಪಾಸು ಬಂತು. ಗೇಟು ಕಿತ್ತರು, ಮನೆ ಕೆಡವಿದರು. ಮಕ್ಕಳಿರಲಿಲ್ಲ. ಹಲಗೂರು ಕಡೆಯ ಅವನ ಅಪ್ಪನ ಮನೆ ಅಣ್ಣಂದಿರ ಪಾಲಾಗಿ, ಅವರ ಕೈಯಿಂದಲೂ ಯಾರದೋ ಕೈ ಸೇರಿತ್ತು. ತವರೂರಲ್ಲಿ ನಾಕು ದಿನ ಇರೋಣ ಎಂದು ಹೆಂಡತಿ ಬೆಳ್ಳಮ್ಮ ಕೇಳಿದಳು. ಬಂದರು. ಅವಳ ತಮ್ಮ ಕೆಂಪರಾಜು ಬೀದಿ ಕೋಣೆ ಬಿಟ್ಟುಕೊಟ್ಟ.

ಮಳವಳ್ಳಿ ಸೀಮೆಯಲ್ಲಿ ರೈಲಿಲ್ಲ. ಬಸ್ಸು ಬರುತ್ತದೆ, ಬಸ್ಸು ಹೋಗುತ್ತದೆ. ಬಂದ ಹೊಸದರಲ್ಲಿ ನಿಂಗಯ್ಯನಿಗೆ ಕಿವಿ ಖಾಲಿಯಾದಂತಾಗಿ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಮಳವಳ್ಳಿ ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿಯ ಮುಂದೆ ನಿಂತ. ಬ್ಯಾಟರಿ ಹಾಕಿದರೆ ಗುಂಡಗೆ ಸುತ್ತುವ ರೈಲು ಕಂಡಿತು. ತಂದ. ಕೆಂಪಗಿದ್ದ ಡಬ್ಬಿಗಳಿಗೆ ನೀಲಿ ಬಳಿದ. ಬರೀ ನೆಲದ ಮೇಲೆ ರೈಲು ಸುತ್ತುವುದು ಅವನ ಕಣ್ಣಿಗೆ ಸರಿ ಕಾಣಲಿಲ್ಲ. ಅಲ್ಲಿಂದ ಹತ್ತಿತು ಹುಚ್ಚು.

ಕಲ್ಲುಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಜಾಲಿಸಿ ಹಳಿಗಳ ನಡುವೆ ಹಾಸಿದ. ಪೊರಕೆ ಕಡ್ಡಿಗೆ ಬಿಳಿ ದಾರ, ಕೆಂಪು ದಾರ ಸುತ್ತಿ ಗೇಟಿನ ಕಂಬ ಮಾಡಿದ. ಒಣಗಿದ ಹೀರೇಕಾಯಿಯ ನಾರಿಗೆ ಹಸಿರು ಅದ್ದಿ ಹೊಂಗೆ ಮರ ನಿಲ್ಲಿಸಿದ. ರಟ್ಟಿನ ಡಬ್ಬದ ಮೇಲಿನ ಕಾಗದ ಸುಲಿದರೆ ಒಳಗೆ ಅಲೆ ಅಲೆಯ ಪದರ ಸಿಗುತ್ತದಲ್ಲ, ಅದಕ್ಕೆ ಇಟ್ಟಿಗೆ ಪುಡಿ ಬಳಿದರೆ ಥೇಟು ಹಂಚು. ಹುಣಸೆ ಬೀಜ ಅರೆದು ಕಾಯಿಸಿದ ಅಂಟು ಎಲ್ಲವನ್ನೂ ಹಿಡಿದಿಟ್ಟಿತು. ಭತ್ತದ ಗದ್ದೆಗೆ ಮಾತ್ರ ನಿಜವಾದ ಪೈರು ಬೇಕೆಂದು, ಬಾಗಿಲ ಒಂದು ಮೂಲೆಗೆ ಮಣ್ಣು ಹಾಕಿ ರಾಗಿ ಚೆಲ್ಲಿದ. ನಾಲ್ಕನೇ ದಿನಕ್ಕೆ ಹಸಿರು ಎದ್ದು ನಿಂತಿತು. ದೇವರು ದೊಡ್ಡ ಗದ್ದೆಗೆ ಕೊಡುವ ಉಸಿರನ್ನೇ ಈ ಪುಟ್ಟ ಗದ್ದೆಗೂ ಕೊಟ್ಟನಲ್ಲ ಎಂದು ನಿಂಗಯ್ಯ ಅದರ ಮುಂದೆ ಕೈ ಮುಗಿದಿದ್ದುಂಟು.

ಕೆಂಪರಾಜುವಿನ ಹೆಂಡತಿ ವನಜಾ ದಿನವೂ ಕೆಣಕುತ್ತಿದ್ದಳು. "ಅಣ್ಣ, ನಿಮ್ ರೈಲ್ಗೆ ಟಿಕೀಟ್ ಎಷ್ಟು? ನಮ್ಮವ್ವನ ಮನೆ ಗಂಟ ಬುಟ್ಬುಡಿ."

"ಇದು ಎಲ್ಲೂ ಓಗಲ್ಲ ಕಣಮ್ಮ. ಸುತ್ತಾಕ್ಕೊಂಡು ಇಲ್ಗೇ ಬತ್ತದೆ."

"ನಿಮ್ ಬಾಮೈದನಂಗೇ."

ಬೆಳ್ಳಮ್ಮ ಮಾತ್ರ ಏನೂ ಅನ್ನುತ್ತಿರಲಿಲ್ಲ. ಗೇಟ್ ಮನೆ ಕಟ್ಟಿ ಮುಗಿದ ದಿನ ಟೀ ಲೋಟ ಹಿಡಿದು ಬಂದವಳು ಬಗ್ಗಿ ನೋಡಿದಳು. ಮುಂದಿನ ಬಾಗಿಲು, ಫೋನಿನ ಕಿಟಕಿ, ಬಾವುಟ ಸಿಕ್ಕಿಸುವ ಮೊಳೆ, ಎಲ್ಲ ಇತ್ತು. ಮನೆಯನ್ನು ಒಂದಿಷ್ಟು ಎತ್ತಿ ಹಿಂದುಗಡೆ ನೋಡಿದಳು. ಅಲ್ಲಿ ಸುಣ್ಣವೂ ಇಲ್ಲ, ಬಾಗಿಲೂ ಇಲ್ಲ. ಸಿಹಿತಿಂಡಿ ಅಂಗಡಿಯ ಡಬ್ಬದ ರಟ್ಟು. ಅದರ ಮೇಲೆ ಅರ್ಧ ಮೈಸೂರು ಪಾಕಿನ ಚಿತ್ರ.

"ಹಿತ್ಲು ಕಡೆ?" ಅಂದಳು.

"ಅದು ಗೋಡೆ ಕಡೀಕೆ ಓಯ್ತದೆ. ಯಾರು ನೋಡಾರು, ಬುಡು."

ಬೆಳ್ಳಮ್ಮ ಮನೆಯನ್ನು ಇದ್ದಲ್ಲೇ ಇಟ್ಟು ಲೋಟ ತೊಳೆಯಲು ಹೋದಳು. ಮುಂದಿನ ಫಾಲ್ಗುಣದಲ್ಲಿ, ಮೂರು ದಿನದ ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ಆರು ತಿಂಗಳು ನಿಂಗಯ್ಯ ಆ ಬಾಗಿಲ ಹಲಗೆಯ ಮೇಲೆ ಕೈ ಇಡಲಿಲ್ಲ. ರಾಗಿ ಪೈರು ಒಣಗಿ ಬಾಗಿತು. ತುಂಬಿದ ಮನೆ, ಹೊತ್ತಿಗೆ ಸರಿಯಾಗಿ ಮುದ್ದೆ, ಯಾವುದಕ್ಕೂ ಕೊರತೆಯಿಲ್ಲ. ಆದರೂ ಊಟಕ್ಕೆ ಕೂತರೆ ತಾನು ಯಾರದೋ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ ಅನ್ನಿಸುತ್ತಿತ್ತು. ಹೆಂಡತಿಯಿಂದ ನೆಂಟನಾದ ಊರು, ಹೆಂಡತಿ ಹೋದ ಮೇಲೆ ಬರೀ ಊರು.

ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ತೀರಿಕೊಂಡವರಿಗೆ ಇಷ್ಟವಾದ ಅಡಿಗೆ, ಹೊಸ ಬಟ್ಟೆ ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಕೆಮ್ಮಿ, ಸದ್ದು ಮಾಡಿ ಬಾಗಿಲು ತೆಗೆಯಬೇಕು. ಬೆಳ್ಳಮ್ಮನಿಗೆ ಇದು ಮೊದಲನೇ ಎಡೆ.

ಆದರೆ ಎಲ್ಲಿ ಇಡುವುದು? ಕೆಂಪರಾಜು ಊರ ಹಿರಿಯ ತಿಮ್ಮಯ್ಯನನ್ನು ಕೇಳಿದ. ಮಂಟೇಸ್ವಾಮಿಯ ಕಥೆ ಹಾಡುತ್ತಾ ಮುಪ್ಪಾದ ಜೀವ ಅದು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೇಳಿದ: "ಕೊಟ್ಟ ಎಣ್ಣುಮಗಳಿಗೆ ತವರಲ್ಲಿ ಎಡೆ ಇಲ್ಲ ಕಣ್ಲಾ. ಗಂಡನ ಮನೇಲೇ ಆಗ್ಬೇಕು. ಅವ್ಳು ಅಲ್ಲಿಗೇ ಬರದು."

"ಭಾವಂಗೆ ಮನೆ ಎಲ್ಲದೆ ತಾತ? ಇರದೇ ಇಲ್ಲಿ."

"ಇರದು ಬ್ಯಾರೆ. ಮನೆ ಬ್ಯಾರೆ."

ಒಳಗೆ ಕೂತಿದ್ದ ನಿಂಗಯ್ಯನಿಗೆ ಎಲ್ಲ ಕೇಳಿಸಿತು. ಹಸಿದ ಜೀವ ದಿಕ್ಕಿಲ್ಲದೆ ಸುತ್ತುವುದು ಕಣ್ಣಿಗೆ ಕಟ್ಟಿತು. ಗೇಟಿಗೆ ಹೋದರೆ ಅಲ್ಲಿ ಮನೆಯಿಲ್ಲ. ಹಲಗೂರಿಗೆ ಹೋದರೆ ಬೇರೆಯವರ ಒಲೆ. ತವರಿಗೆ ಬಂದರೆ ಹಕ್ಕಿಲ್ಲ. ಎದ್ದು ಬಾಗಿಲಿಗೆ ಬಂದ. "ನನ್ ಮನೆ ಅದೆ," ಅಂದ. ಹಿಂದೆ ತಿರುಗಿ ಹಲಗೆಯ ಮೇಲಿನ ಗೇಟ್ ಮನೆಯ ಕಡೆ ಕೈ ತೋರಿಸಿದ.

ಕೆಂಪರಾಜು ನೆಲ ನೋಡಿದ. ತಿಮ್ಮಯ್ಯ ನಗಲಿಲ್ಲ. ಕೋಲೂರಿಕೊಂಡು ಒಳಗೆ ಬಂದು, ಬಗ್ಗಿ, ಬಹಳ ಹೊತ್ತು ನೋಡಿದ. "ಇದ್ದಂಗೇ ಮಾಡಿದ್ದೀಯಾ?"

"ಇದ್ದಂಗೇ."

"ಸರಿ ಬುಡು. ಇಟ್ಟಿಗೇದಾದ್ರೇನು, ರಟ್ಟಿಂದಾದ್ರೇನು. ಬರೋರ್ಗೆ ಗುರ್ತು ಸಿಕ್ಕಿದ್ರೆ ಸಾಕು. ಅವ್ಳು ಓಡಾಡ್ತಿದ್ದ ಬಾಗ್ಲು ಇದೇನಾ?"

ನಿಂಗಯ್ಯ ಬಗ್ಗಿ ಬಾಗಿಲು ನೋಡಿದ. ಆ ಬಾಗಿಲು ಹಳಿಯ ಕಡೆಯದು, ಡ್ಯೂಟಿಯದು. ಬೆಳ್ಳಮ್ಮ ಓಡಾಡುತ್ತಿದ್ದದ್ದು ಹಿತ್ತಿಲ ಬಾಗಿಲಲ್ಲಿ.

ಆವತ್ತು ಮಧ್ಯಾಹ್ನವೆಲ್ಲ ಪೆನ್ಸಿಲ್ ಹಿಡಿದು ಹಿತ್ತಿಲನ್ನು ನೆನೆದ. ಹಳಿಯ ಕಡೆಯ ಒಂದೊಂದು ಕಲ್ಲೂ ನೆನಪಿದೆ. ಸಿಗ್ನಲ್ ಕಂಬಕ್ಕೆ ಎಷ್ಟು ಮೆಟ್ಟಿಲು ಎಂದು ಕೇಳಿದರೆ ಹೇಳುತ್ತಾನೆ. ಹಿತ್ತಿಲ ಬಾಗಿಲು ಎಡಕ್ಕಿತ್ತೋ ಬಲಕ್ಕಿತ್ತೋ? ಒಗೆಯುವ ಕಲ್ಲು ಎಲ್ಲಿತ್ತು? ಸ್ನಾನಕ್ಕೆ ದಿನವೂ ಹೋಗಿದ್ದಾನೆ, ತಂಬಿಗೆ ನೆನಪಿದೆ, ನೀರು ಎಷ್ಟು ಬಿಸಿ ಇರುತ್ತಿತ್ತು ಅನ್ನುವುದು ನೆನಪಿದೆ. ಗೋಡೆ ನೆನಪಿಲ್ಲ. ಕಿವಿ ಯಾವಾಗಲೂ ಫೋನಿನ ಕಡೆಗಿತ್ತು. ಕಿವಿಯ ಹಿಂದೆಯೇ ಕಣ್ಣೂ ಹೋಗಿತ್ತು. ಇಪ್ಪತ್ತೇಳು ವರ್ಷ ಬಾಳಿದ ಮನೆಯ ಅರ್ಧವನ್ನು ತಾನು ನೋಡಿಯೇ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಎಡೆ ಇಡುವ ಅಮಾವಾಸ್ಯೆಗೆ ಐದು ದಿನ ಇತ್ತು.

ಮಾರನೇ ಬೆಳಿಗ್ಗೆ ಮಳವಳ್ಳಿಗೆ ಬಂದು ಮದ್ದೂರಿನ ಬಸ್ಸು ಹತ್ತಿದ. ಮದ್ದೂರಿನಿಂದ ಒಂದು ಆಟೋ. ಅಂಡರ್‌ಪಾಸಿನ ಹತ್ತಿರ ಇಳಿದ. ಗೇಟು ಇದ್ದಲ್ಲಿ ಕಬ್ಬಿಣದ ಬೇಲಿ, ಮನೆ ಇದ್ದಲ್ಲಿ ಸೀಮೆಜಾಲಿ. ಪಕ್ಕದ ಗದ್ದೆಯ ಅಂಕಮ್ಮ ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದಳು. ಕೂದಲು ಹಣ್ಣಾಗಿತ್ತು, ಗಂಟಲು ಹಾಗೇ ಇತ್ತು.

"ಯಾರು ಇದು, ಗೇಟಯ್ಯನಾ? ನಮ್ ಎತ್ಗೋಳ ಬಿಸ್ಲಲ್ಲಿ ಕಾಯ್ಸಿ ಕಾಯ್ಸಿ ಕೊಂದ ಪುಣ್ಯಾತ್ಮ. ಈಗ ನೋಡು, ಕೆಳಗ್ಲಿಂದ ನುಗ್ಗುದ್ರಾಯ್ತು. ನಿನ್ ಅಪ್ಪಣೆ ಬೇಕಿಲ್ಲ." ಅವನ ಮುಖ ನೋಡಿ ಕುಡುಗೋಲು ಕೆಳಗಿಟ್ಟಳು. "ಬೆಳ್ಳಿ ಎಲ್ಲಿ?"

ಹೇಳಿದ. ಅಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬದುವಿನ ಮೇಲೆ ಕೂತಳು. ರೈಲೊಂದು ಬಂತು. ನಿಂಗಯ್ಯನ ಬಲಗೈ ತಾನಾಗಿ ಮೇಲೆದ್ದು ಮತ್ತೆ ಇಳಿಯಿತು.

"ಅಕ್ಕ, ಮನೆ ಹಿಂದ್ಗಡೆ ಎಂಗಿತ್ತು?" ಅಂತ ಕೇಳಿದ.

"ಅದ ನನ್ ಕೇಳ್ತೀಯಲ್ಲಪ್ಪ."

"ನಂಗೆ ಗೊತ್ತಿಲ್ಲ ಕಣಕ್ಕ. ಅವ್ಳಿಗೆ ಎಡೆ ಮಡಗ್ಬೇಕು."

ಅಂಕಮ್ಮ ಎದ್ದು ಜಾಲಿಯ ಕಡೆ ಕೈ ತೋರಿಸುತ್ತಾ ಹೇಳಿದಳು. ಬಾಗಿಲು ಎಡಕ್ಕೆ. ಅದಕ್ಕೆ ನೀಲಿ ಬಣ್ಣ, ಕೆಳಗೆ ಗೆದ್ದಲು ತಿಂದು ತಗಡು ಹೊಡೆದಿತ್ತು, ಹೊಡೆದವಳು ಬೆಳ್ಳಮ್ಮನೇ. ಬಲಕ್ಕೆ ಕುಂಬಳದ ಬಳ್ಳಿ, ಸೂರಿನವರೆಗೆ. ಗೋಡೆಯಲ್ಲಿ ದೀಪಕ್ಕೆ ಒಂದು ಗೂಡು. ಅದರ ಕೆಳಗೆ ಒಂದು ಚಪ್ಪಡಿ ಕಲ್ಲು.

"ಒಗೆಯೋ ಕಲ್ಲಾ?"

"ಕೂರೋ ಕಲ್ಲು. ಸಾಯಂಕಾಲ ಆಯ್ತೂ ಅಂದ್ರೆ ಅಲ್ಲೇ ಕೂರೋಳು, ರೈಲ್ಗೆ ಬೆನ್ನು ಆಕ್ಕೊಂಡು, ಗದ್ದೆ ಕಡೀಕೆ ಮೊಕ ಮಾಡ್ಕೊಂಡು. ನಾನೂ ಬಂದು ಕೂರ್ತಿದ್ದೆ. ಎಲೆ ಅಡ್ಕೆ ಆಕ್ಕೋತಿದ್ವಿ."

"ಏನ್ ಮಾತಾಡ್ತಿದ್ರಿ?"

"ನಿಂಗೆ ಏಳಕ್ಕೆ ಬಂದಿದ್ ಮಾತ. ಏನಾರ ಎತ್ಕೊಂಡು ನಿನ್ ತಾವ ಬರೋಳು, ಬಾಯಿ ಬುಡದ್ರೊಳ್ಗೆ ಫೋನು ಬಡ್ಕೊಳದು. ನೀನು ಎದ್ದು ಓಗ್ಬುಡ್ತಿದ್ದೆ. ರೈಲು ಓದ್ಮೇಲೆ ನೀನು ಕೇಳ್ತಿರ್ಲಿಲ್ಲ, ಅವ್ಳು ಏಳ್ತಿರ್ಲಿಲ್ಲ. ಉಳ್ದಿದ್ ಅರ್ಧ ಮಾತ ಇಲ್ಲಿ ಬಂದು ನಂಗೆ ಏಳಿ ಮುಗ್ಸೋಳು."

ನಿಂಗಯ್ಯ ಜಾಲಿಯ ಕಡೆ ತಿರುಗಿ ಆ ಕಲ್ಲಿದ್ದ ಜಾಗ ಹುಡುಕಿದ.

"ಬೈತಿರ್ಲಿಲ್ಲ ಕಣಪ್ಪ ನಿನ್ನ. ರೈಲ ಬೈಯೋಳು. ಒಂದೇ ಒಂದ್ ದಿನ ಇದು ಬರ್ದೇ ಇದ್ರೆ ಕೂತು ಪೂರ್ತಿ ಮಾತಾಡ್ಬೋದಾಗಿತ್ತು ಕಣಕ್ಕ, ಅನ್ನೋಳು."

ಹೊರಟು ನಿಂತಾಗ ಅಂಕಮ್ಮ ಬದುವಿನ ಕುಂಬಳ ಬಳ್ಳಿಯಿಂದ ಒಂದು ಕಾಯಿ ಕಿತ್ತು ಕೊಟ್ಟಳು. "ಅವ್ಳು ಆಕಿದ್ ಬೀಜದ್ದೇ. ಮನೆ ಓದ್ರೂ ಇದು ಬದಿನ್ ಮ್ಯಾಲೆ ಅಬ್ಬುಕೊಂಡದೆ. ಎಡೇಗೆ ಮಾಡ್ಸು."

ಕಾಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಮಳವಳ್ಳಿ ಬರುವವರೆಗೂ ಒಂದೇ ಯೋಚನೆ. ಅವಳು ಎತ್ತಿಕೊಂಡು ಬಂದ ಮಾತುಗಳಲ್ಲಿ ಒಂದಾದರೂ ನೆನಪಿಗೆ ಬರುತ್ತದೋ ಎಂದು ಹುಡುಕಿದ. "ಅಲ್ಲಾ ಕಣ್ರೀ..." ಎನ್ನುವುದು ನೆನಪಾಯಿತು. ಅದರ ಮುಂದಿನದು ಒಂದೂ ಇಲ್ಲ.

ಉಳಿದ ಮೂರು ದಿನ ಕೂತು ಹಿತ್ತಿಲು ಕಟ್ಟಿದ. ಮೈಸೂರು ಪಾಕಿನ ಚಿತ್ರದ ಮೇಲೆ ಮೂರು ಸಲ ಸುಣ್ಣ ಹೊಡೆದ. ಎಡಕ್ಕೆ ನೀಲಿ ಬಾಗಿಲು, ಅದರ ಬುಡಕ್ಕೆ ಟೂತ್‌ಪೇಸ್ಟ್ ಟ್ಯೂಬಿನ ತಗಡು. ನಾರು ಹೊಸೆದು ಬಳ್ಳಿ, ಎಲೆಗೆ ಹಸಿರು ಕಾಗದ, ಹೂವಿಗೆ ಅರಿಶಿನ ಹಚ್ಚಿದ ಕಾಗದದ ಚೂರು. ಗೂಡು ಕೊರೆದು ಅದರಲ್ಲಿ ಸಾಸಿವೆಗಿಂತ ಒಂದು ಪಾಲು ದೊಡ್ಡ ಮಣ್ಣಿನ ಹಣತೆ ಇಟ್ಟ. ಚಪ್ಪಡಿಗೆ ಹೊಳೆಯಿಂದ ಒಂದು ಚಪ್ಪಟೆ ಕಲ್ಲು ಹುಡುಕಿ ತಂದ. ಮದ್ದೂರಿನಿಂದ ಬಂದ ಸಂಜೆಯೇ ಹೊಸದಾಗಿ ರಾಗಿ ಚೆಲ್ಲಿದ್ದ. ಅಮಾವಾಸ್ಯೆಯ ಬೆಳಿಗ್ಗೆಗೆ ಸರಿಯಾಗಿ ಬಿಳೀ ಮೊಳಕೆಯ ತುದಿಗೆ ಹಸಿರು ಬಂದಿತ್ತು.

ವನಜಾ ಎಡೆಯ ಸಾಮಾನು ತಂದಿಡಲು ಬಂದಳು. ನಿಂಗಯ್ಯ ಹಲಗೆಯ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕೋ ತಾಯಿ, ತಿರುಗಿಸ್ಬೇಕು," ಅಂದ. ಇಬ್ಬರೂ ಸೇರಿ ತಿರುಗಿಸಿದರು. ಹಳಿ, ಗೇಟು, ಫೋನಿನ ಕಿಟಕಿ ಗೋಡೆಯ ಕಡೆಗೆ ಹೋದವು. ಹಿತ್ತಿಲು ಕೋಣೆಯ ಕಡೆಗೆ ಬಂತು.

ವನಜಾ ಮಂಡಿಯೂರಿ ಕೂತು ನೋಡಿದಳು. ಚಪ್ಪಡಿಯ ಮೇಲೆ ಬೆರಳಿಟ್ಟಳು. "ಈ ಕಲ್ಲು ಯಾಕಣ್ಣ?"

"ನಿಮ್ ಅತ್ಗೆ ಕೂರಕ್ಕೆ."

ಕುಂಬಳಕಾಯಿ ಪಲ್ಯ, ಮುದ್ದೆ, ಕೋಳಿ ಸಾರು, ಕಜ್ಜಾಯ, ಒಂದು ಹೊಸ ಸೀರೆ, ಎಲೆ ಅಡಿಕೆ. ಎಲೆಯನ್ನು ಹಲಗೆಯ ಮುಂದೆ, ಚಪ್ಪಡಿಯ ಎದುರಿಗೆ ಬರುವಂತೆ ಹಾಸಿದರು. ನಿಂಗಯ್ಯ ರೈಲನ್ನು ಹಳಿಯಿಂದ ಎತ್ತಿ, ಅದರ ಹೊಟ್ಟೆ ತೆಗೆದು, ಎರಡೂ ಬ್ಯಾಟರಿಗಳನ್ನು ಜೇಬಿಗೆ ಹಾಕಿಕೊಂಡ. ಧೂಪ ಹಾಕಿದ. ಎಲ್ಲರೂ ಹೊರಗೆ ಬಂದರು. ಬಾಗಿಲು ಎಳೆದದ್ದು ಅವನೇ.

ಜಗಲಿಯ ಮೇಲೆ ತಿಮ್ಮಯ್ಯ, ಕೆಂಪರಾಜು, ವನಜಾ ಕೂತರು. ನಿಂಗಯ್ಯ ಬಾಗಿಲಿಗೆ ಬೆನ್ನು ಆನಿಸಿ ಕೂತ. ಬೀದಿಯಲ್ಲಿ ಶಿವನಸಮುದ್ರದ ಬಸ್ಸು ಹೋಯಿತು. ಧೂಪದ ಹೊಗೆ ಬಾಗಿಲ ಸಂದಿನಿಂದ ಬಂದು ಅವನ ಕಿವಿಯ ಪಕ್ಕ ಹಾದುಹೋಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಕೆಂಪರಾಜು ಅಂದ, "ಸಾಕು ತೆಗೀರಿ ಭಾವ. ಎಲ್ಲಾರ ಮನೇಲೂ ತೆಗುದ್ರು."

"ತಡಿ."

"ಅನ್ನ ಆರೋಯ್ತದೆ."

ಗೇಟಿನ ಎರಡೂ ಕಡೆ ನಿಂತು ತೆಗಿಯಯ್ಯಾ ತೆಗಿ ಎಂದು ಕೂಗಿದವರನ್ನು ನಿಂಗಯ್ಯ ಇಪ್ಪತ್ತೇಳು ವರ್ಷ ಕೇಳಿದ್ದ. ಯಾರು ಕೂಗಿದರೂ ಕೊನೇ ಡಬ್ಬಿ ದಾಟುವವರೆಗೆ ಕೈ ಹ್ಯಾಂಡಲಿಗೆ ಹೋಗುತ್ತಿರಲಿಲ್ಲ.

"ಇನ್ನೊಂದ್ ಗಳಿಗೆ ಇರ್ಲಾ ರಾಜು," ಅಂದ ಮೆಲ್ಲಗೆ. "ಅವ್ಳು ಮಾತ ಪೂರ್ತಿ ಏಳ್ಕೊಳ್ಲಿ."

ತಿಮ್ಮಯ್ಯ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕಣ್ಣು ಮುಚ್ಚಿದ. ಕೆಂಪರಾಜು ಕಾಲು ಚಾಚಿ ಕೂತ. ಜೇಬಿನಲ್ಲಿದ್ದ ಬ್ಯಾಟರಿಗಳನ್ನು ಮುಷ್ಟಿಯಲ್ಲಿ ಹಿಡಿದು, ತಲೆಯನ್ನು ಬಾಗಿಲಿಗೆ ಒರಗಿಸಿ, ನಿಂಗಯ್ಯ ಕಿವಿಗೊಟ್ಟು ಕೂತಿದ್ದ.